ಓದಿನ ತಪ್ಪು, ನಡತೆಯ ತಪ್ಪು

ಪುರಾಣದ ಬದನೆಕಾಯಿಯ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಬದನೆಕಾಯಿ ತಿನ್ನಬಾರದೆಂದು ದೇವಸ್ಥಾನದಲ್ಲಿ ಪುರಾಣ ಹೇಳಿದ ಶಾಸ್ತ್ರಿಗಳು ಮನೆಗೆ ಬಂದು ಎಲೆಯ ಮುಂದೆ ಕುಳಿತಾಗ ಪಲ್ಯ ಕಾಣದೆ ಸಿಟ್ಟಾದರು. 'ನೀವೇ ಹೇಳಿದಿರಲ್ಲ, ಅದಕ್ಕೇ ಎಲ್ಲವನ್ನೂ ತಿಪ್ಪೆಗೆ ಹಾಕಿದೆ' ಎಂದಳು ಹೆಂಡತಿ. 'ಅಯ್ಯೋ ಹುಚ್ಚಿ! ಅದು ಪುರಾಣದ ಬದನೆಕಾಯಿ, ಇದು ಊಟದ ಬದನೆಕಾಯಿ' ಎಂದರಂತೆ ಶಾಸ್ತ್ರಿಗಳು. ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ನಗುವಿನ ಹಿಂದೆ ಒಂದು ಪ್ರಶ್ನೆ ಉಳಿದೇ ಇದೆ. ಒಳ್ಳೆಯ ಮಾತನ್ನು ಮತ್ತೆ ಮತ್ತೆ ಓದಿದರೆ, ಕೇಳಿದರೆ, ಮನುಷ್ಯ ಒಳ್ಳೆಯವನಾಗುತ್ತಾನೆಯೆ? ಆಗುವುದಿಲ್ಲವೆಂದರೆ ಆ ಓದಿಗೆ ಅರ್ಥವೇನು?

ಈ ಪ್ರಶ್ನೆಯನ್ನು ಪರೀಕ್ಷಿಸಿ ನೋಡಬೇಕಾದರೆ ಯಹೂದ್ಯರ ಕಡೆಗೆ ತಿರುಗಬೇಕು. ಓದನ್ನು ಅವರಷ್ಟು ಕಟ್ಟುನಿಟ್ಟಾಗಿ ವಾರದ ಬದುಕಿಗೆ ಹೆಣೆದುಕೊಂಡ ಜನ ವಿರಳ. ಅವರ ಮೂಲಗ್ರಂಥ ತೋರಾ. ಎಂದರೆ ಮೋಶೆಯ ಹೆಸರಿನಲ್ಲಿ ಬಂದ ಐದು ಕಾಂಡಗಳು. ಇದನ್ನು 54 ಭಾಗ ಮಾಡಿ, ವಾರಕ್ಕೊಂದರಂತೆ, ಕೆಲವು ವಾರ ಎರಡನ್ನು ಕೂಡಿಸಿ, ಒಂದು ವರ್ಷದಲ್ಲಿ ಓದಿ ಮುಗಿಸುತ್ತಾರೆ. ಶನಿವಾರ, ಅಂದರೆ ಸಬ್ಬತ್ ದಿನದ ಬೆಳಿಗ್ಗೆ, ಏಳು ಮಂದಿಯನ್ನು ಒಬ್ಬರಾದ ಮೇಲೊಬ್ಬರಂತೆ ಗ್ರಂಥದ ಬಳಿಗೆ ಕರೆದು ಇಡೀ ಭಾಗವನ್ನು ಓದಿಸುತ್ತಾರೆ. ಮುಂದಿನ ವಾರದ ಭಾಗದ ಆರಂಭವನ್ನು ಅದೇ ದಿನ ಮಧ್ಯಾಹ್ನವೂ, ಬಳಿಕ ಸೋಮವಾರ ಗುರುವಾರಗಳಲ್ಲಿಯೂ ಓದುತ್ತಾರೆ. ಮೂರು ದಿನ ತೋರಾ ಕಿವಿಗೆ ಬೀಳದೆ ಯಾರೂ ಇರಬಾರದೆಂಬುದು ಹಿಂದಿನವರ ಅಭಿಪ್ರಾಯ. ಶರತ್ಕಾಲದಲ್ಲಿ ಕೊನೆಯ ಭಾಗ ಮುಗಿದ ದಿನ ಹಾಡಿ ಕುಣಿದು ಸಂಭ್ರಮಿಸುತ್ತಾರೆ. ಆ ಸಂಭ್ರಮದ ನಡುವೆಯೇ ಆದಿಕಾಂಡದ ಮೊದಲ ಸಾಲುಗಳನ್ನು ಮತ್ತೆ ಆರಂಭಿಸುತ್ತಾರೆ. ಓದಿ ಮುಗಿಸಿದೆ ಎಂದು ಹೇಳಿಕೊಳ್ಳುವ ಅವಕಾಶ ಯಾರಿಗೂ ಇಲ್ಲ.

ಈ ಓದಿನಲ್ಲಿ ಗಮನಿಸಬೇಕಾದ ಇನ್ನೊಂದು ನಿಯಮವಿದೆ. ಸಿನಗಾಗಿನಲ್ಲಿ ಓದುವ ತೋರಾ ಅಚ್ಚಿನ ಪುಸ್ತಕವಲ್ಲ. ಚರ್ಮದ ಹಾಳೆಗಳ ಮೇಲೆ ಕೈಯಿಂದ ಬರೆದ ಸುರುಳಿ. ಅದರಲ್ಲಿ ಸ್ವರಚಿಹ್ನೆಗಳಿಲ್ಲ, ವಿರಾಮಚಿಹ್ನೆಗಳಿಲ್ಲ, ರಾಗದ ಗುರುತೂ ಇಲ್ಲ. ಓದುವವನು ಇವೆಲ್ಲವನ್ನೂ ಮೊದಲೇ ಕಲಿತು ಮನಸ್ಸಿನಲ್ಲಿಟ್ಟುಕೊಂಡು ಬರಬೇಕು. ಅರ್ಥ ಕೆಡುವಂತೆ ಒಂದು ಪದ ತಪ್ಪಿದರೆ ಸಭೆಯಲ್ಲಿದ್ದವರು ಅಲ್ಲಿಂದಲೇ ಗಟ್ಟಿಯಾಗಿ ತಿದ್ದುತ್ತಾರೆ. ಅವನು ಹಿಂದಕ್ಕೆ ಹೋಗಿ ಮತ್ತೆ ಸರಿಯಾಗಿ ಓದಬೇಕು. ಓದುವವನು ಊರಿನ ಹಿರಿಯನೆಂದು ಯಾರೂ ಸುಮ್ಮನಿರುವುದಿಲ್ಲ. ಸುರುಳಿಯಲ್ಲಿ ಒಂದೇ ಒಂದು ಅಕ್ಷರ ಅಳಿಸಿಹೋಗಿದ್ದರೂ ಸರಿಪಡಿಸುವ ತನಕ ಅದನ್ನು ಸಭೆಯಲ್ಲಿ ಬಳಸುವಂತಿಲ್ಲ. ಅಕ್ಷರದ ತಪ್ಪಿನ ಬಗ್ಗೆ ಎಷ್ಟು ಎಚ್ಚರ! ಇಷ್ಟು ಎಚ್ಚರದ ಜನರು ನಡತೆಯ ತಪ್ಪಿನ ಬಗ್ಗೆಯೂ ಹೀಗೆಯೇ ಇದ್ದರೆ? ಇದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಕೊಚ್ಚಿಯವರೆಗೆ ಹೋದರೆ ಸಾಕು.

ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಯಹೂದ್ಯರ ಬೀದಿಯ ತುದಿಗೆ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗು ಇದೆ. ನೋಡಲು ಹೋದವರಿಗೆ ಚೀನಾದಿಂದ ತರಿಸಿದ ನೀಲಿಬಿಳಿ ಹಾಸುಬಿಲ್ಲೆಗಳ ನೆಲವೂ, ಮೇಲೆ ತೂಗುವ ಗಾಜಿನ ದೀಪಗುಚ್ಛಗಳೂ ಕಣ್ಣಿಗೆ ಕಟ್ಟುತ್ತವೆ. ನಮ್ಮ ನಾಡಿನ ವಾಡಿಕೆಯಂತೆ ಇಲ್ಲಿನ ಯಹೂದ್ಯರೂ ಪಾದರಕ್ಷೆಯನ್ನು ಹೊರಗೆ ಬಿಟ್ಟೇ ಒಳಗೆ ಬರುತ್ತಿದ್ದರು. ಶುಕ್ರವಾರ ಸಂಜೆ ಮನೆಯ ದೀಪ ಹೊತ್ತಿಸಿ, ಒಣದ್ರಾಕ್ಷಿಯಿಂದ ಮಾಡಿದ ದ್ರಾಕ್ಷಾರಸದ ಬಟ್ಟಲನ್ನು ಹಿಡಿದು ಸಬ್ಬತ್ತನ್ನು ಸ್ವಾಗತಿಸುತ್ತಿದ್ದರು. ಮಕ್ಕಳು ಹೀಬ್ರೂ ಮೂಲವನ್ನು ಪದಪದವಾಗಿ ಮಲಯಾಳಕ್ಕೆ ಬಿಡಿಸಿ ಕಲಿಯುತ್ತಿದ್ದರು. ಹೆಂಗಸರು ಮಲಯಾಳದಲ್ಲಿಯೇ ತಮ್ಮ ಹಾಡುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟು ಹಾಡುತ್ತಿದ್ದರು. ಕೇರಳದ ಸಿನಗಾಗುಗಳಲ್ಲಿ ಓದುವ ವೇದಿಕೆ ಎರಡು: ಒಂದು ನಡುಮನೆಯಲ್ಲಿ, ಇನ್ನೊಂದು ಮೇಲಿನ ಅಟ್ಟದಲ್ಲಿ. ವಿದ್ಯೆಯನ್ನು ಬಲ್ಲ, ಪ್ರೀತಿಸುವ ಜನ.

ಆದರೆ ಈ ಸಿನಗಾಗಿನ ಒಳಗೆ ಎಲ್ಲರಿಗೂ ಜಾಗವಿರಲಿಲ್ಲ. ಬಹುಕಾಲದಿಂದ ಕೇರಳದಲ್ಲಿದ್ದ ಮಲಬಾರಿ ಯಹೂದ್ಯರಿಗೆ ಅವರವೇ ಸಿನಗಾಗುಗಳಿದ್ದವು. ಸ್ಪೇನ್ ಮೊದಲಾದ ಕಡೆಗಳಿಂದ ಬಂದು ನೆಲಸಿದವರು ಪರದೇಶಿಗಳು. ಪರದೇಶಿಗಳ ಮನೆಗಳಲ್ಲಿ ಗುಲಾಮರಾಗಿದ್ದು, ಯಹೂದ್ಯ ಧರ್ಮಕ್ಕೆ ಸೇರಿ, ಬಿಡುಗಡೆ ಪಡೆದವರೂ ಅವರ ಸಂತತಿಯವರೂ ಒಂದು ಗುಂಪಾಗಿದ್ದರು. ಅವರಿಗೆ 'ಮೆಶುಖ್ರಾರಿಂ', ಎಂದರೆ ಬಿಡುಗಡೆಯಾದವರು, ಎಂದು ಹೆಸರು. ಬಿಡುಗಡೆ ಹೆಸರಿನಲ್ಲಿತ್ತು. ಅವರು ಕುಳಿತುಕೊಳ್ಳಬೇಕಾದುದು ಸಿನಗಾಗಿನ ಹೊರಗಣ ಅಂಕಣದಲ್ಲಿ. ಸಬ್ಬತ್ತಿನ ಓದಿಗೆ ಅವರನ್ನು ಕರೆಯುತ್ತಿರಲಿಲ್ಲ. ಹೆಣ್ಣು ಕೊಟ್ಟು ತರುವ ಮಾತಂತೂ ಇರಲಿಲ್ಲ.

ಒಳಗೆ ಓದುತ್ತಿದ್ದುದಾದರೂ ಏನು? ಯಾಜಕಕಾಂಡ ಬಂದಾಗ, ಸ್ವಜನರಿಗೂ ಪರಕೀಯರಿಗೂ ನ್ಯಾಯ ಒಂದೇ ಎಂಬ ವಿಧಿ. ನೀವೂ ಐಗುಪ್ತದೇಶದಲ್ಲಿ ದಾಸರಾಗಿದ್ದವರೆಂಬುದನ್ನು ಮರೆಯಬೇಡಿರೆಂಬ ಎಚ್ಚರಿಕೆ ಒಂದು ಕಡೆಯಲ್ಲ, ಹಲವು ಕಡೆ. ಪರಕೀಯನನ್ನು ನೋಯಿಸಬಾರದೆಂದು ತೋರಾ 36 ಸಲ ಹೇಳುತ್ತದೆಂದು ಅವರ ಪ್ರಾಚೀನ ಪಂಡಿತರೇ ಎಣಿಸಿಟ್ಟಿದ್ದಾರೆ. ಈ ಮಾತು ವರ್ಷಕ್ಕೆ ಹಲವು ಸಲ, ಶತಮಾನಗಳ ಕಾಲ, ಒಳಗಿದ್ದವರ ಕಿವಿಗೂ ಬಿತ್ತು, ಹೊರಗಿದ್ದವರ ಕಿವಿಗೂ ಬಿತ್ತು.

ಶಾಸ್ತ್ರದಲ್ಲಿ ಸಂದೇಹವಿತ್ತು, ಕೇಳಿ ತಿಳಿಯಲು ಯಾರೂ ಇರಲಿಲ್ಲ ಎನ್ನುವಂತೆಯೂ ಇಲ್ಲ. 16ನೆಯ ಶತಮಾನದಲ್ಲಿ ಕೊಚ್ಚಿಯಿಂದ ಕೈರೋ ನಗರದ ಮಹಾಪಂಡಿತ ಡೇವಿಡ್ ಇಬ್ನ್ ಝಿಮ್ರಾ ಅವರಿಗೆ ಒಂದು ಪ್ರಶ್ನೆ ಹೋಯಿತು. ಗುಲಾಮರ ಸಂತತಿಯೆಂದು ಕೆಲವರು ದೂರವಿಟ್ಟವರೊಡನೆ ಸಂಬಂಧ ಬೆಳೆಸಬಹುದೆ? ವಿಧಿಪೂರ್ವಕವಾದ ಸ್ನಾನಸಂಸ್ಕಾರವಾದ ಮೇಲೆ ಅವರು ಸಮಾಜದಲ್ಲಿ ಸೇರಿದವರೇ, ಮದುವೆಗೂ ಅಡ್ಡಿಯಿಲ್ಲ ಎಂದು ಉತ್ತರ ಬಂತು. ಮುಂದೆ ಅಲೆಕ್ಸಾಂಡ್ರಿಯದ ಯಾಕೋಬ್ ಕಾಸ್ಟ್ರೋ ಕೂಡ ಅದನ್ನೇ ಎತ್ತಿಹಿಡಿದರು. ಉತ್ತರಗಳು ಬಂದವು, ಪದ್ಧತಿ ಕದಲಲಿಲ್ಲ. ಒಂದು ಪದ ತಪ್ಪಿದರೆ ಕುಳಿತಲ್ಲಿಂದಲೇ ಕೂಗಿ ತಿದ್ದುವ ಸಭೆ ಈ ತಪ್ಪಿಗೆ ಮೌನವಾಗಿತ್ತು.

ಅವರನ್ನು ಕಪಟಿಗಳೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ನಿಜವೆಂದು ನನಗೆ ತೋರುವುದಿಲ್ಲ. ಕಪಟಿಗೆ ತಾನು ತಪ್ಪು ಮಾಡುತ್ತಿದ್ದೇನೆಂಬುದು ತಿಳಿದಿರುತ್ತದೆ. ಇವರಿಗೆ ಅದು ತಪ್ಪೆಂದೇ ಕಂಡಿರಲಾರದು. ಸುತ್ತ ನೋಡಿದರೆ ಇಡೀ ಕೇರಳವೇ ಮೇಲು ಕೀಳುಗಳ ಮೆಟ್ಟಲಾಗಿತ್ತು; ಯಾರು ಯಾರಿಂದ ಎಷ್ಟು ದೂರ ನಿಲ್ಲಬೇಕೆಂಬುದಕ್ಕೂ ಲೆಕ್ಕವಿತ್ತು. ಇದ್ದ ನೆಲದ ಗಾಳಿಯನ್ನು ಇವರೂ ಉಸಿರಾಡಿದರು. ಇನ್ನೂ ಒಂದು ಮಾತುಂಟು. ದಾಸರಾಗಿದ್ದುದನ್ನು ಮರೆಯಬೇಡಿರೆನ್ನುವ ಅದೇ ತೋರಾದಲ್ಲಿ ದಾಸರನ್ನು ಇಟ್ಟುಕೊಳ್ಳುವುದರ ನಿಯಮಗಳೂ ಇವೆ. ಬೇಕಾದವನಿಗೆ ಆಧಾರ ಸಿಕ್ಕೇ ಸಿಕ್ಕುತ್ತದೆ. ಪವಿತ್ರಗ್ರಂಥ ತಾನಾಗಿ ಎದ್ದುಬಂದು ಯಾರ ಕೈಯನ್ನೂ ಹಿಡಿಯುವುದಿಲ್ಲ. ನಾವು ಉಪದೇಶವನ್ನು ಕೇಳುವಾಗ ಅದು ಪಕ್ಕದಲ್ಲಿ ಕುಳಿತವನಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂದು ಯೋಚಿಸುತ್ತಿರುತ್ತೇವೆ. ಐಗುಪ್ತದಲ್ಲಿ ದಾಸರಾಗಿದ್ದವರು ನಾವು ಎಂದು ಹೇಳುತ್ತಿದ್ದವರಿಗೆ ಬಾಗಿಲಾಚೆ ಕುಳಿತವರು ಯಾರೆಂಬುದು ಹೊಳೆಯದಿದ್ದುದು ಹೀಗೆ.

ಹೊರಗೆ ಕುಳಿತವರಿಗೆ ಎರಡು ದಾರಿಗಳಿದ್ದವು. ಬಿಟ್ಟುಹೋಗುವುದು ಒಂದು. 19ನೆಯ ಶತಮಾನದಲ್ಲಿ ಒಂದು ಗುಂಪು ಹಾಗೆ ಹೊರಟು, ತಮ್ಮದೇ ಪ್ರಾರ್ಥನೆ ನಡೆಸಲು ಪ್ರಯತ್ನಿಸಿತು. ಆ ಪ್ರಯತ್ನ ಬಾಳಲಿಲ್ಲ. ಇನ್ನೊಂದು ದಾರಿಯನ್ನು ಹಿಡಿದವರು 1882ರಲ್ಲಿ ಹುಟ್ಟಿದ ಅಬ್ರಹಾಂ ಬಾರಾಕ್ ಸಲೇಮ್. ಮದರಾಸಿನಲ್ಲಿ ಕಾನೂನು ಓದಿ ವಕೀಲರಾದವರು, ಕೊಚ್ಚಿ ಸಂಸ್ಥಾನದ ಶಾಸನಸಭೆಯಲ್ಲಿ ಸದಸ್ಯರಾಗಿದ್ದವರು, 1929ರ ಲಾಹೋರ್ ಕಾಂಗ್ರೆಸ್ಸಿಗೆ ಹೋಗಿಬಂದವರು. ಹೊರಗೆ ಇಷ್ಟೆಲ್ಲ ಗೌರವವಿದ್ದ ಮನುಷ್ಯನಿಗೆ ತನ್ನ ದೇವರ ಮನೆಯಲ್ಲಿ ಜಾಗ ಹೊಸ್ತಿಲಿನಾಚೆ. ನೆರೆಯ ತಿರುವಾಂಕೂರಿನ ವೈಕಂನಲ್ಲಿ 1924-25ರಲ್ಲಿ ದೇವಾಲಯದ ಸುತ್ತಣ ರಸ್ತೆಗಾಗಿ ಸತ್ಯಾಗ್ರಹ ನಡೆದಿತ್ತು. ಗಾಂಧೀಜಿಯ ಆ ಮಾರ್ಗವನ್ನೇ ಸಲೇಮರು ಸಿನಗಾಗಿನ ಒಳಕ್ಕೆ ತಂದರು. ಕೂರಬಾರದೆಂದು ಹೇಳಿದ ಜಾಗದಲ್ಲಿ ಹೋಗಿ ಕುಳಿತರು. ಜನ ಅವರನ್ನು 'ಯಹೂದಿ ಗಾಂಧಿ' ಎಂದು ಕರೆದರು. ವರ್ಷಗಳು ಉರುಳಿದಂತೆ ಒಂದೊಂದೇ ನಿರ್ಬಂಧ ಸಡಿಲಿತು: ಮೊದಲು ಒಳಗೆ ಹಿಂದಿನ ಸಾಲಿನಲ್ಲಿ ಜಾಗ, ಆಮೇಲೆ ತೋರಾದ ಬಳಿಗೆ ಕರೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಹಗುರವಾದುದಲ್ಲ. ಅವಮಾನಿಸಿದ ಸಭೆಯಲ್ಲಿಯೇ ಉಳಿದು ಅದನ್ನು ತಿದ್ದಬೇಕೆಂದು ಅವಮಾನ ಉಂಡವನನ್ನು ಕೇಳುವುದು ನ್ಯಾಯವೆ? ತಪ್ಪು ಮಾಡಿದವರು ನೆಮ್ಮದಿಯಾಗಿ ಕುಳಿತಿರಲು, ತಿದ್ದುವ ಭಾರವನ್ನೂ ತಪ್ಪಿಗೆ ಗುರಿಯಾದವನ ತಲೆಯ ಮೇಲೆಯೇ ಹೊರಿಸುವುದೆ? ನ್ಯಾಯವಲ್ಲ. ಬಿಟ್ಟುಹೋದವರನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಸಲೇಮರು ಉಳಿದುದು ಕರ್ತವ್ಯವೆಂದು ಇನ್ನೊಬ್ಬರು ವಿಧಿಸಿದ್ದರಿಂದ ಅಲ್ಲ. ಆ ಗ್ರಂಥ ತನ್ನದೂ ಹೌದು ಎಂಬ ದೃಢವಾದ ನಂಬಿಕೆಯಿಂದ. ಬಿಟ್ಟುಹೋದರೆ ಸಿನಗಾಗಿನ ಜೊತೆಗೆ ತೋರಾವನ್ನೂ ಒಳಗಿದ್ದವರ ಸೊತ್ತೆಂದು ಒಪ್ಪಿಕೊಟ್ಟಂತಾಗುತ್ತಿತ್ತು. ಅವರು ಮಾಡಿದ್ದು ಯಹೂದ್ಯ ಸಭೆಯ ಹಳೆಯ ನಿಯಮವನ್ನೇ: ಓದಿದ್ದು ತಪ್ಪಾಗಿದೆ, ಹಿಂದಕ್ಕೆ ಹೋಗಿ, ಸರಿಯಾಗಿ ಓದಿ ಎಂದರು. ಅದನ್ನು ಬಾಯಿಂದ ಹೇಳುವ ಬದಲು ಕುಳಿತು ಹೇಳಿದರು, ಅಷ್ಟೆ.

ಗೆಲವು ಪೂರ್ತಿಯಾಗಿತ್ತೆಂದು ಹೇಳಲಾಗದು. 1950ರಲ್ಲಿ ಈ ಎರಡು ಗುಂಪುಗಳ ನಡುವೆ ಒಂದು ಮದುವೆ ನಿಶ್ಚಯವಾದಾಗ ಅದು ಕೊಚ್ಚಿಯಲ್ಲಿ ನಡೆಯಲಾರದೆ ಮುಂಬಯಿಯಲ್ಲಿ ನಡೆಯಬೇಕಾಯಿತು. ಅಷ್ಟರಲ್ಲಿ ಕಾಲವೇ ಬೇರೆಯಾಗಿತ್ತು. 1948ರಲ್ಲಿ ಇಸ್ರೇಲ್ ಹುಟ್ಟಿತು. 1950ರ ದಶಕದ ಮಧ್ಯದಲ್ಲಿ ಮಲಬಾರಿ ಯಹೂದ್ಯರು ಊರಿಗೆ ಊರೇ ಎದ್ದು ಹಡಗು, ವಿಮಾನಗಳಲ್ಲಿ ಹೊರಟರು. ಅವರ ಪ್ರಯಾಣಕ್ಕೆ ಅನುಕೂಲ ಮಾಡಿಕೊಡಲು ಸಲೇಮರು ಇಸ್ರೇಲಿಗೂ ಹೋಗಿಬಂದರು. ತಾವು ಮಾತ್ರ ಕೊಚ್ಚಿಯಲ್ಲಿಯೇ ಉಳಿದು 1967ರಲ್ಲಿ ತೀರಿಕೊಂಡರು. ಪರದೇಶಿಗಳೂ ಮುಂದಿನ ದಶಕಗಳಲ್ಲಿ ಕರಗುತ್ತ ಹೋದರು. ತೋರಾವನ್ನು ಸಭೆಯಲ್ಲಿ ಓದಬೇಕಾದರೆ ಹದಿಮೂರು ತುಂಬಿದ ಹತ್ತು ಮಂದಿ ಗಂಡಸರಾದರೂ ಇರಬೇಕೆಂಬುದು ಅವರ ನಿಯಮ. ಹತ್ತನೆಯವನಿಗಾಗಿ ಊರಿಗೆ ಬಂದ ಪ್ರವಾಸಿ ಯಹೂದ್ಯರ ದಾರಿ ಕಾಯುವ ಕಾಲ ಬಂತು. ಇಂದು ಆ ಬೀದಿಯಲ್ಲಿ ಹತ್ತು ಮಂದಿ ಯಹೂದ್ಯರಿಲ್ಲ. ಇದನ್ನು ಪಾಪದ ಫಲವೆಂದು ಹೇಳುವುದು ಸುಳ್ಳು, ಕ್ರೂರ ಕೂಡ. ಜನ ಹೊರಟುಹೋದುದಕ್ಕೆ ಕಾರಣಗಳು ಬೇರೆ. ಆದರೂ ಒಂದು ಯೋಚನೆ ಬಿಡುವುದಿಲ್ಲ. ಹೊಸ್ತಿಲಿನಾಚೆ ಕೂರಿಸಿದ ಪ್ರತಿಯೊಬ್ಬನೂ ಆ ಹತ್ತರಲ್ಲಿ ಒಬ್ಬನಾಗಬಹುದಾಗಿದ್ದವನು.

ಹಾಗಾದರೆ ಓದಿದರೆ ಮನುಷ್ಯ ಒಳ್ಳೆಯವನಾಗುತ್ತಾನೆಯೆ? ಕೊಚ್ಚಿಯ ಉತ್ತರ: ತಾನಾಗಿ ಆಗುವುದಿಲ್ಲ. ಓದು ವ್ಯರ್ಥವೆ? ಅದೂ ಅಲ್ಲ. ವಾರವಾರವೂ ಒಂದಕ್ಷರ ತಪ್ಪದಂತೆ ಆ ಮಾತನ್ನು ಕಾಪಾಡಿಕೊಂಡು ಬರದಿದ್ದರೆ ಸಲೇಮರು ಯಾವುದರತ್ತ ಬೆರಳು ತೋರಿಸುತ್ತಿದ್ದರು? ತಾವು ಅಳತೆಗೆ ನಿಲ್ಲದಿದ್ದರೂ ಅಳತೆಗೋಲನ್ನು ಮುರಿಯದೆ, ಮೊಟಕು ಮಾಡದೆ, ಮುಂದಿನವರಿಗೆ ಒಪ್ಪಿಸಿದ ಕೀರ್ತಿ ಒಳಗೆ ಕುಳಿತವರಿಗೂ ಸಲ್ಲಬೇಕು. ಆದರೆ ಕೋಲು ತಾನೇ ಅಳೆಯುವುದಿಲ್ಲ; ಅದನ್ನು ಎತ್ತಿಕೊಳ್ಳುವ ಕೈ ಬೇಕು. ಆ ಕೈ ಬಹುಮಟ್ಟಿಗೆ ಮುಂದಿನ ಸಾಲಿನಿಂದ ಬರುವುದಿಲ್ಲ.

ಬದನೆಕಾಯಿಯ ಕಥೆಯಲ್ಲಿ ನಾವು ಶಾಸ್ತ್ರಿಗಳನ್ನು ನೋಡಿ ನಗುತ್ತೇವೆ, ಆ ಹೆಂಗಸನ್ನು ಮರೆತುಬಿಡುತ್ತೇವೆ. ಹಿಂದೆಲ್ಲೋ ಕಂಬದ ಮರೆಯಲ್ಲಿ ಕುಳಿತು ಪುರಾಣ ಕೇಳಿ, ಅದು ತನಗೆ ಹೇಳಿದ್ದೆಂದು ನಂಬಿ, ಮನೆಗೆ ಬಂದು ಹಾಗೆಯೇ ನಡೆದವಳು ಆಕೆ ಒಬ್ಬಳೇ. ಹುಚ್ಚಿ ಎನ್ನಿಸಿಕೊಂಡವಳೂ ಆಕೆಯೇ. ಪುರಾಣ ಅಂದು ಸಾರ್ಥಕವಾದುದು ಅವಳಿಂದ.