ಮರಳು ಹಿಡಿದ ಹಡಗು



ಸಂಸಾರವನ್ನು ಸಾಗರಕ್ಕೂ ದೇಹವನ್ನು ನಾವೆಗೂ ಹೋಲಿಸಿ ಹೇಳುವುದು ನಮ್ಮ ಹಿರಿಯರ ವಾಡಿಕೆ. ನಾವೆಗೆ ಬಿರುಗಾಳಿಯೇ ಶತ್ರುವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಗಾಳಿಗಿಂತಲೂ ಘೋರವಾದ ಶತ್ರು ಇನ್ನೊಂದುಂಟು, ಅದು ಮರಳು. ಇದಕ್ಕೆ ಕಡಲಾಚೆಯ ಒಂದು ದೃಷ್ಟಾಂತವನ್ನು ನೋಡೋಣ.

ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ಪ್ರಾಂತದ ದಂಡೆಯಲ್ಲಿ ‘ಪೀಟರ್ ಐರ್‌ಡೇಲ್’ ಎಂಬ ಹಾಯಿಹಡಗಿನ ಅವಶೇಷವು ಇಂದಿಗೂ ಕಾಣುತ್ತದೆ. ಒಡೆಯನ ಹೆಸರನ್ನೇ ಹೊತ್ತ ಆ ನಾಲ್ಕು ಕೂವೆಮರಗಳ ಉಕ್ಕಿನ ಹಡಗು 1890ರಲ್ಲಿ ಇಂಗ್ಲೆಂಡಿನಲ್ಲಿ ನಿರ್ಮಿತವಾಯಿತು. 1906ನೆಯ ಅಕ್ಟೋಬರ್ 25ರಂದು, ಕೊಲಂಬಿಯಾ ನದಿಯ ಮುಖವನ್ನು ಇನ್ನೇನು ಸೇರಬೇಕೆನ್ನುವಾಗ, ಗಾಳಿಯೂ ನೀರಿನ ಸೆಳೆತವೂ ಅದನ್ನು ದಂಡೆಗೆ ತಳ್ಳಿದವು. ಹಡಗಿನಲ್ಲಿದ್ದವರೆಲ್ಲರೂ ಬದುಕಿ ಉಳಿದರು. ಹಡಗಿನ ಒಡಲಿಗೂ ಹೆಚ್ಚಿನ ಹಾನಿಯಾಗಿರಲಿಲ್ಲ. ಅದನ್ನು ಮರಳಿ ಕಡಲಿಗೆಳೆಯಬೇಕೆಂದು ನಿಶ್ಚಯಿಸಿ, ಹವೆ ತಿಳಿಯಾಗಲೆಂದು ವಾರಗಟ್ಟಲೆ ಕಾದರು. ಅಷ್ಟರಲ್ಲಿ ಹಡಗು ಒಂದು ಮಗ್ಗುಲಿಗೆ ವಾಲಿ ಮರಳಿನಲ್ಲಿ ಹೂತುಹೋಯಿತು. ಈಗ ಉಳಿದಿರುವುದು ತುಕ್ಕು ಹಿಡಿದ ಮೂತಿ, ಪಕ್ಕೆಲುಬಿನಂತಹ ಕೆಲವು ಕಬ್ಬಿಣದ ತೊಲೆಗಳು, ಇಷ್ಟೇ.

ಆ ನಾವಿಕರಿಗೆ ಹವೆಯು ಕೈವಶವಿರಲಿಲ್ಲ, ಅವರನ್ನು ದೂಷಿಸಲಾಗದು. ನಮಗೆ ಆ ನೆಪವೂ ಇಲ್ಲ. ಮಗಳ ಮದುವೆಯಾಗಲಿ, ಹೊಲದ ವ್ಯಾಜ್ಯ ತೀರಲಿ, ಮಗನಿಗೆ ನೌಕರಿಯಾಗಲಿ, ಆಮೇಲೆ ಲಿಂಗಪೂಜೆಗೆ ಮನಗೊಡುವೆನು, ಆಮೇಲೆ ದಾಸೋಹ ಮಾಡುವೆನು, ಆಮೇಲೆ ಮುನಿದ ಒಡಹುಟ್ಟಿದವನ ಮನೆಯ ಹೊಸ್ತಿಲು ತುಳಿಯುವೆನು ಎಂದು ಕಾಯುವ ಗೃಹಸ್ಥರೆಷ್ಟು ಮಂದಿ! ರೋಗ, ನಷ್ಟ, ಅಗಲಿಕೆ, ಇವು ಗಾಳಿಗಳು. ಇವು ಬಡಿದ ಮೇಲೂ ಬಾಳಿನ ಒಡಲು ಗಟ್ಟಿಯಾಗಿಯೇ ಇರುತ್ತದೆ. ಕುಳಿತಲ್ಲೇ ಕುಳಿತಾಗ ದಿನದಿನಕ್ಕೂ ಬೆರಳಷ್ಟು ಮರಳೇರುತ್ತದೆ. ಒಂದು ದಿನ ಎಳೆಯಹೋದರೆ ಕದಲುವುದಿಲ್ಲ.

ಇನ್ನು ನಮ್ಮ ತುಂಗಭದ್ರೆಯನ್ನು ನೋಡೋಣ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇಲ್ಲಿ ಹೊಳೆ ದಾಟಿಸುತ್ತಿದ್ದ ಬುಟ್ಟಿಯಂತಹ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲ ಹೊದಿಕೆ. 15-20 ಜನರನ್ನು ಹೊತ್ತು, ನೇರವಾಗಿ ಸಾಗದೆ ಸುತ್ತುತ್ತಲೇ ಆಚೆಯ ದಡ ಸೇರುತ್ತಿದ್ದವು. 1565ರ ಯುದ್ಧದ ತರುವಾಯ ಆ ಮಹಾನಗರವು ಹಾಳಾಯಿತು. ವಿಠ್ಠಲ ದೇವಾಲಯದ ಬಳಿ ಹೊಳೆಯ ನಡುವೆ ಹಳೆಯ ಸೇತುವೆಯ ಕಲ್ಲುಕಂಬಗಳಷ್ಟೇ ನಿಂತಿವೆ. ಆದರೆ ಹರಿಗೋಲು ಇಂದಿಗೂ ತೇಲುತ್ತಿದೆ.

ಇದರ ಗುಟ್ಟೇನು? ಅಂಬಿಗನು ಅದನ್ನು ನೀರಿನಲ್ಲೇ ಬಿಡುವುದಿಲ್ಲ. ಕೆಲಸ ಮುಗಿದ ಮೇಲೆ ದಡಕ್ಕೆತ್ತಿ ಬೋರಲು ಹಾಕುತ್ತಾನೆ. ಬಿರುಕು ಕಂಡಲ್ಲಿ ಡಾಂಬರು ಬಳಿಯುತ್ತಾನೆ. ಹೊಳೆ ತುಂಬಿ ಬಂದಾಗ ಅವನೂ ಕಾಯುತ್ತಾನೆ, ನಿಜ; ಆದರೆ ಹರಿಗೋಲನ್ನು ಸಿದ್ಧಮಾಡುತ್ತಾ ಕಾಯುತ್ತಾನೆ. ನೀರಿಳಿದೊಡನೆ ಹುಟ್ಟು ಅವನ ಕೈಯಲ್ಲಿರುತ್ತದೆ. ಶರಣರು ನಿತ್ಯಕಾಯಕವೆಂದುದು ಇದನ್ನೇ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರು ದೋಣಿ ನಡೆಸುವ ಕಾಯಕದಲ್ಲಿದ್ದುಕೊಂಡೇ ಶರಣರಾದರು. ಶರಣರಾಗಲು ಬೇರೊಂದು ಕಾಲವನ್ನು ಅವರು ಕಾಯಲಿಲ್ಲ.

ಆದುದರಿಂದ, ಭಕ್ತರೇ, ನಡೆ ನೇರವಾಗಿಲ್ಲವೆಂದು ಅಳುಕದಿರಿ. ಹರಿಗೋಲೂ ಸುತ್ತುತ್ತಲೇ ದಡ ಸೇರುತ್ತದೆ. ಈ ಸಂಜೆಯೇ ಕರಸ್ಥಲದ ಲಿಂಗವನ್ನು ಮನವಿಟ್ಟು ನೋಡಿರಿ. ಹಸಿದು ಬಂದವನಿಗೆ ಈ ಸಂಜೆಯೇ ಒಂದು ತುತ್ತನ್ನಿಕ್ಕಿರಿ. ಮುನಿದ ಮನೆಯ ಬಾಗಿಲನ್ನು ಈ ಸಂಜೆಯೇ ತಟ್ಟಿರಿ. ಮರಳು ಇನ್ನೂ ಪಾದದಷ್ಟೇ ಇದೆ.