ಹಾಡಿಗೆ ಕರಗಿದ ಹೃದಯವು ಬದಲಾದ ಹೃದಯವೋ?



ಆರಾಧನೆಯಲ್ಲಿ ಒಂದು ಕೀರ್ತನೆಯನ್ನು ಕೇಳಿ ಎಂದೂ ಕಣ್ಣೀರು ಸುರಿಸದವರು ನಮ್ಮಲ್ಲಿ ವಿರಳ. ಅದು ಚಿಕ್ಕಂದಿನಿಂದ ನೂರಾರು ಸಾರಿ ಹಾಡಿದ ಹಾಡೇ ಆಗಿರಬಹುದು. ಅದರ ಮಾತುಗಳು ಬಾಯಿಪಾಠವಾಗಿರುತ್ತವೆ. ಆದರೆ ಒಂದು ದಿನ ಬೇರೊಬ್ಬರು ಎದ್ದು ನಿಂತು ಅದನ್ನೇ ತಮ್ಮ ಧ್ವನಿಯಲ್ಲಿ ಹಾಡಲು, ನಾವು ಇದುವರೆಗೆ ಅದನ್ನು ಕೇಳಿಯೇ ಇರಲಿಲ್ಲವೋ ಎಂಬಂತೆ ಎದೆಯು ನಡುಗುತ್ತದೆ. ಇದರಿಂದ ನಮಗಾಗುವ ಪ್ರಯೋಜನವೇನು? ಹಾಡಿಗೆ ಕರಗಿದ ಹೃದಯವನ್ನು ಬದಲಾದ ಹೃದಯವೆಂದು ಎಣಿಸಬಹುದೋ? ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸೋಣ.

ಅಮೇರಿಕಾ ದೇಶದ ಲಾಸ್ ಏಂಜಲೀಸ್ ಪಟ್ಟಣದಲ್ಲಿ ಕರಿಯ ಜನರ ಒಂದು ಬ್ಯಾಪ್ಟಿಸ್ಟ್ ದೇವಾಲಯವುಂಟು. ಅದು ಮೊದಲು ಸಿನಿಮಾ ಮಂದಿರವಾಗಿದ್ದ ಕಟ್ಟಡ. 1972ನೇ ಇಸವಿಯ ಜನವರಿ 13 ಮತ್ತು 14ನೇ ತಾರೀಖುಗಳ ರಾತ್ರಿ ಅರೀಥಾ ಫ್ರಾಂಕ್ಲಿನ್ ಎಂಬಾಕೆಯು ಅಲ್ಲಿ ಸಭೆಯ ಮುಂದೆ ಹಾಡಿದಳು. ಆಕೆಯು ಒಬ್ಬ ಬೋಧಕರ ಮಗಳು. ಹುಡುಗಿಯಾಗಿದ್ದಾಗಲೇ ತಂದೆಯ ದೇವಾಲಯದಲ್ಲಿ ಹಾಡಿದವಳು. ಬಳಿಕ ಲೋಕದ ಹಾಡುಗಳಿಂದ ಬಹು ಕೀರ್ತಿಯನ್ನು ಪಡೆದವಳು. ಆಗ ಹಾಡಿದ ಹಾಡುಗಳಲ್ಲಿ ‘ಅಮೇಜಿಂಗ್ ಗ್ರೇಸ್’, ಅಂದರೆ ‘ಆಶ್ಚರ್ಯವಾದ ಕೃಪೆ’ ಎಂಬದು ಒಂದು. ಅದು ಆಕೆಯು ರಚಿಸಿದ್ದಲ್ಲ. ಅಲ್ಲಿ ಕೂಡಿದವರಿಗೆ ಹೊಸದೂ ಅಲ್ಲ. ಆದರೆ ಆಕೆಯು ಅವಸರಪಡದೆ, ಒಂದೊಂದು ಮಾತಿನ ಮೇಲೆಯೂ ನಿಂತು, ಅದನ್ನು ಎಳೆದು ಏರಿಸಿ ಇಳಿಸಿ, ಹತ್ತು ನಿಮಿಷಕ್ಕೂ ಹೆಚ್ಚಾಗಿ ಹಾಡಿದಳು. ಸಭಿಕರು ಕೂಗಿ ಉತ್ತರ ಕೊಟ್ಟರು. ಪಿಯಾನೋ ವಾದ್ಯವನ್ನು ನುಡಿಸಿ ಗಾಯಕರನ್ನು ನಡಿಸುತ್ತಿದ್ದ ಜೇಮ್ಸ್ ಕ್ಲೀವ್‌ಲ್ಯಾಂಡ್ ಬೋಧಕರು ತಡೆಯಲಾರದೆ ವಾದ್ಯವನ್ನು ಬಿಟ್ಟು, ಮುಖ ಮುಚ್ಚಿಕೊಂಡು ಅತ್ತರು. ಇದೆಲ್ಲವನ್ನು ಆಗಲೇ ಚಲಚ್ಚಿತ್ರವಾಗಿ ಹಿಡಿದಿದ್ದರೂ, ಚಿತ್ರಕ್ಕೂ ಧ್ವನಿಗೂ ಹೊಂದಿಕೆಯಾಗದೆ ಹೋದದರಿಂದ ಅದು ಬಹುಕಾಲ ಮೂಲೆಯಲ್ಲಿ ಬಿದ್ದಿತ್ತು. ಆಕೆಯು ತೀರಿಹೋದ 2018ನೇ ಇಸವಿಯಲ್ಲಿಯೇ ಅದು ಜನರ ಕಣ್ಣಿಗೆ ಬಿತ್ತು.

ಇನ್ನು ಈ ಹಾಡನ್ನು ಬರೆದವನಾರೆಂದು ನೋಡಿರಿ. ಅವನು ಇಂಗ್ಲೆಂಡಿನ ಜಾನ್ ನ್ಯೂಟನ್. ಆಫ್ರಿಕ ದೇಶದ ಜನರನ್ನು ಸರಪಣಿಯಲ್ಲಿ ಕಟ್ಟಿ, ಹಡಗಿನಲ್ಲಿ ತುಂಬಿ, ಸಮುದ್ರದಾಚೆ ಗುಲಾಮರಾಗಿ ಮಾರುವ ವ್ಯಾಪಾರದಲ್ಲಿ ಸೇರಿದ್ದವನು. 1748ರಲ್ಲಿ ದೊಡ್ಡ ಬಿರುಗಾಳಿಗೆ ಸಿಕ್ಕಿ, ಸಾಯುವೆನೆಂದು ತಿಳಿದು, ದೇವರಿಗೆ ಮೊರೆಯಿಟ್ಟನು. ಆ ದಿನವನ್ನು ಅವನು ಬದುಕಿರುವ ವರೆಗೆ ಮರೆಯಲಿಲ್ಲ. ಅವನ ಹೃದಯವು ಅಲ್ಲಾಡಿದ್ದು ನಿಜವೇ. ಆದರೆ ಅದರ ನಂತರ ಏನಾಯಿತು? ಅವನು ಗುಲಾಮರ ಹಡಗಿಗೇ ಯಜಮಾನನಾದನು! ಮೇಲಿನ ತಟ್ಟಿನಲ್ಲಿ ನಾವಿಕರನ್ನು ಕೂಡಿಸಿ ಪ್ರಾರ್ಥನೆ ಮಾಡಿಸುವನು. ಕೆಳಗಿನ ತಟ್ಟಿನಲ್ಲಿ ಮನುಷ್ಯರು ಸಂಕೋಲೆಗಳಲ್ಲಿ ನರಳುವರು. 1754ರಲ್ಲಿ ಅವನು ಸಮುದ್ರವನ್ನು ಬಿಟ್ಟದ್ದು ಸಹ ಪಶ್ಚಾತ್ತಾಪದಿಂದಲ್ಲ, ದೇಹಕ್ಕೆ ಬಂದ ರೋಗದಿಂದ. ಮುಂದೆ ಅವನು ಓಲ್ನಿ ಎಂಬ ಊರಿನಲ್ಲಿ ಬೋಧಕನಾಗಿ, 1773ರ ಹೊಸ ವರುಷದ ಆರಾಧನೆಗಾಗಿ ಈ ಹಾಡನ್ನು ಸಿದ್ಧಮಾಡಿದನು. 1779ರಲ್ಲಿ ಅದು ಅಚ್ಚಾಯಿತು. ಆದರೆ ಆ ವ್ಯಾಪಾರಕ್ಕೆ ವಿರೋಧವಾಗಿ ಪುಸ್ತಕವನ್ನು ಪ್ರಕಟಿಸಿ, ತನ್ನ ತಪ್ಪನ್ನು ಎಲ್ಲರ ಮುಂದೆ ಒಪ್ಪಿಕೊಂಡದ್ದು 1788ರಲ್ಲಿ. ಅಂದರೆ ಬಿರುಗಾಳಿಯಾಗಿ 40 ವರುಷಗಳಾದ ಮೇಲೆ. ಹಾಡು ಮುಂದಾಗಿ ಹೋಯಿತು. ಹಾಡನ್ನು ಬರೆದವನು ಬಹು ಹಿಂದಿನಿಂದ ನಡೆದು ಬಂದನು.

ಕೆಲವರು ಹೀಗೆ ಕೇಳಬಹುದು: ಹಾಗಾದರೆ ಅವನ ಕಣ್ಣೀರೆಲ್ಲಾ ಕಪಟವೋ? ಹಾಗೆ ಹೇಳುವದು ನ್ಯಾಯವಲ್ಲ. ಮುಂಗಾರಿನ ಮೊದಲ ಮಳೆಯನ್ನು ರೈತರಾದ ನೀವು ಬಲ್ಲಿರಿ. ಮಳೆ ಬಿದ್ದ ಮಾತ್ರಕ್ಕೆ ಬೆಳೆ ಬಂತೆಂದು ಯಾರೂ ಕಣವನ್ನು ಸಾರಿಸುವದಿಲ್ಲ. ಆದರೆ ಮಳೆಯಿಲ್ಲದೆ ಗಟ್ಟಿ ನೆಲದಲ್ಲಿ ನೇಗಿಲೂ ಇಳಿಯದು. ಮಳೆಯು ನೆಲಕ್ಕೆ ಹದವನ್ನು ಕೊಡುತ್ತದೆ. ಆ ಹದ ಆರುವದರೊಳಗೆ ಬಿತ್ತುವದು ಮನುಷ್ಯನ ಕೆಲಸ. ಬಿತ್ತದೆ ಬಿಟ್ಟ ಹೊಲದಲ್ಲಿಯೂ ಏನೋ ಬೆಳೆಯುತ್ತದೆ, ಆದರೆ ಅದು ಕಳೆ.

ಸತ್ಯವೇದದಲ್ಲಿ ಸೌಲನನ್ನು ನೋಡಿರಿ. ದಾವೀದನು ಕಿನ್ನರಿ ಬಾರಿಸಿದಾಗ ಅವನಿಗೆ ಉಪಶಮನವಾಯಿತು. ಆದರೆ ಅದೇ ಸೌಲನು, ಅದೇ ಕಿನ್ನರಿಯನ್ನು ಕೇಳುತ್ತಾ, ಅದೇ ದಾವೀದನ ಮೇಲೆ ಈಟಿಯನ್ನು ಎಸೆದನು. ಕಿವಿಗೆ ಸಿಕ್ಕಿದ ಸುಖವು ಕೈಗೆ ಇಳಿಯಲಿಲ್ಲ. ಯೆಹೆಜ್ಕೇಲನ ಕಾಲದ ಜನರೂ ಪ್ರವಾದಿಯ ಮಾತುಗಳನ್ನು ಇಂಪಾದ ಹಾಡಿನಂತೆ ಕೇಳಿ ಸಂತೋಷಪಟ್ಟರು, ಆದರೆ ಕೈಕೊಂಡು ನಡೆಯಲಿಲ್ಲ. ಪೂರ್ವದ ಸಭಾಪಿತೃವಾದ ಅಗಸ್ಟೀನನು ಇದೇ ಚಿಂತೆಯಲ್ಲಿ ಬಿದ್ದಿದ್ದನು. ಹಾಡಿನ ಅರ್ಥಕ್ಕಿಂತ ಹಾಡುವವರ ಧ್ವನಿಯೇ ತನ್ನನ್ನು ಹೆಚ್ಚಾಗಿ ಅಲ್ಲಾಡಿಸಿದರೆ ಅದನ್ನು ತನ್ನ ಪಾಪವೆಂದು ಅರಿಕೆಮಾಡಿದನು. ಆದಾಗ್ಯೂ ತಾನು ಹೊಸದಾಗಿ ನಂಬಿದಾಗ ಸಭೆಯ ಗಾಯನವನ್ನು ಕೇಳಿ ಅತ್ತದ್ದನ್ನು ನೆನಸಿ, ಬಲಹೀನರ ಮನಸ್ಸು ಎಚ್ಚರಗೊಳ್ಳಲೆಂದು ಸಭೆಯಲ್ಲಿ ಹಾಡುವದನ್ನು ಒಪ್ಪಿದನು.

ಇನ್ನೊಂದು ಸಂಗತಿಯುಂಟು. ಯಾವ ಜನರನ್ನು ನ್ಯೂಟನನು ಹಡಗಿನ ಕೆಳತಟ್ಟಿನಲ್ಲಿ ಇಟ್ಟಿದ್ದನೋ, ಅಂಥವರ ಸಂತತಿಯವಳೇ ಅವನ ಹಾಡನ್ನು ಎತ್ತಿಕೊಂಡು ಹಾಡಿದಳು. ಕೃಪೆಯೆಂಬ ಮಾತು ಅವನ ಬಾಯಲ್ಲಿ ಕ್ಷಮೆ ಬೇಡುವವನ ಮಾತು. ಆಕೆಯ ಬಾಯಲ್ಲಿಯೋ ಕಷ್ಟಗಳನ್ನು ದಾಟಿಬಂದ ಒಂದು ಜನಾಂಗದ ಮಾತು. ಹಳೆಯ ಹಾಡು ಹೊಸಬರ ಬಾಯಲ್ಲಿ ನಮ್ಮನ್ನು ಮುಟ್ಟುವದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ. ಅಭ್ಯಾಸದಿಂದ ನಾವು ಹಗುರಮಾಡಿದ ಮಾತಿಗೆ ಅವರು ತಮ್ಮ ಬಾಳಿನ ಭಾರವನ್ನು ತಿರಿಗಿ ಕೊಡುತ್ತಾರೆ. ಆಗ ಆ ಮಾತು ನಮ್ಮನ್ನು ಕೇಳುತ್ತದೆ: ನೀನು ಇದನ್ನು ಹಾಡುವದು ನಿಜವೋ?

ನನ್ನ ಸ್ವಂತ ಸಂಗತಿಯನ್ನು ಹೇಳಿ ಮುಗಿಸುವೆನು. ಆ ಚಿತ್ರವನ್ನು ನಾನು ಒಂದು ಸಾಯಂಕಾಲ ನೋಡಿ, ಕ್ಲೀವ್‌ಲ್ಯಾಂಡ್ ಬೋಧಕರು ಅತ್ತಲ್ಲಿ ನಾನೂ ಅತ್ತೆನು. ನನ್ನ ಹೃದಯವು ಮೃದುವಾಗಿದೆಯೆಂದು ಒಳಗೊಳಗೆ ಸಂತೋಷವೂ ಆಯಿತು. ಮರುದಿನ ಬೆಳಿಗ್ಗೆ, ನನ್ನ ಹೊಲದಲ್ಲಿ ಎರಡು ದಿನ ಶೇಂಗಾ ಬಿಡಿಸಿದ ಒಬ್ಬ ವಿಧವೆಯು ಬಾಗಲಲ್ಲಿ ನಿಂತು, “ಅಯ್ಯನವರೇ, ನನ್ನ ಕೂಲಿ” ಅಂದಳು. ಚಿಲ್ಲರೆ ಇಲ್ಲ, ನಾಳೆ ಬಾ ಎಂದು ಕಳುಹಿಸಿದೆನು. ಪೆಟ್ಟಿಗೆಯಲ್ಲಿ ಹಣವಿತ್ತು, ಏಳಲಿಕ್ಕೆ ಮನಸ್ಸಿರಲಿಲ್ಲ, ಅಷ್ಟೇ. ಕೂಲಿಯವನ ಕೂಲಿಯನ್ನು ಹೊತ್ತು ಮುಣುಗುವದರೊಳಗೆ ಕೊಡಬೇಕೆಂಬ ಮೋಶೆಯ ವಿಧಿಯನ್ನು ನಾನೇ ಮಕ್ಕಳಿಗೆ ಕಲಿಸಿದವನು. ಅವಳು ಬೀದಿಯ ತಿರುವನ್ನು ಮುಟ್ಟಿದಾಗ, ಕೆಳತಟ್ಟಿನ ಮೇಲೆ ನಿಂತು ಪ್ರಾರ್ಥಿಸಿದ ಆ ಯಜಮಾನನ ನೆನಪಾಗಿ ನನ್ನ ಮುಖವು ಬಾಡಿತು. ಓಡಿಹೋಗಿ ಕರೆದು ಕೊಟ್ಟೆನು. ಇದು ಹೊಗಳಿಕೆಗೆ ಯೋಗ್ಯವಾದ ಕಾರ್ಯವಲ್ಲ, ನಿನ್ನೆಯೇ ಕೊಡತಕ್ಕದ್ದಾಗಿತ್ತು.

ಆದಕಾರಣ, ಪ್ರಿಯರೇ, ಹಾಡು ನಿಮ್ಮನ್ನು ಕರಗಿಸಿದರೆ ನಾಚಬೇಡಿರಿ. ಅದರಲ್ಲಿ ಹಿಗ್ಗಲೂ ಬೇಡಿರಿ. ಕಣ್ಣೊರಸಿಕೊಂಡ ಮೇಲೆ, ಯಾರ ಕೂಲಿ, ಯಾರ ಸಾಲ, ಯಾರ ಕ್ಷಮೆ ನಿಮ್ಮ ಬಾಗಲಲ್ಲಿ ಕಾದು ನಿಂತಿದೆ ಎಂದು ನೋಡಿರಿ. ಹದ ಆರುವದಕ್ಕೆ ನಾಲ್ವತ್ತು ವರುಷ ಬೇಡ. ಒಂದು ರಾತ್ರಿ ಸಾಕು.