ಕಾಳು ಹಾಕಿದ ಕಲ್ಲಿನ ಸದ್ದು

ಅಳು ತರಿಸುವ ಸಂಗೀತ ಮೆಲ್ಲಗೇ ಇರಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಸಿನಿಮಾದಲ್ಲಿ ತಾಯಿ ಸತ್ತರೆ ಕೊಳಲು, ಪ್ರೇಮ ಮುರಿದರೆ ವಯಲಿನ್ನು, ಎರಡೂ ಒಟ್ಟಿಗಾದರೆ ಮಳೆ. ಗದ್ದಲವೇನಿದ್ದರೂ ಕುಣಿತಕ್ಕೆ, ಸಿಟ್ಟಿಗೆ, ಮದುವೆ ಮೆರವಣಿಗೆಯ ಡಿಜೆಗೆ. ಅಮೆರಿಕದ ಆರೆಗಾನ್ ರಾಜ್ಯದ ಯೂಜೀನ್ ಊರಿನ ‘ಯಾಬ್’ ತಂಡ ಈ ಲೆಕ್ಕವನ್ನು ಕೆಡಿಸಿಹಾಕುತ್ತದೆ. ಇರುವವರು ಮೂವರು: ಗಿಟಾರು, ಬೇಸ್ ಗಿಟಾರು, ಡ್ರಮ್ಸು. 2014ರಲ್ಲಿ ಬಂದ ಅವರ ಆಲ್ಬಮ್ಮಿನ ಕೊನೆಯ ಹಾಡು ‘ಮ್ಯಾರೋ’ ಹೆಚ್ಚೂಕಡಿಮೆ 19 ನಿಮಿಷದ್ದು. ಅದರಲ್ಲಿ ಗಿಟಾರು ನಮಗೆ ಗೊತ್ತಿರುವ ಗಿಟಾರಿನಂತೆ ಮಿಡಿಯುವುದಿಲ್ಲ. ನಾದವನ್ನು ಬೇಕೆಂದೇ ಒಡೆದು ಗೊರಗೊರ ಮಾಡಿ, ಒಂದೇ ಪಲುಕನ್ನು ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ ಸುತ್ತಿಸುತ್ತಾರೆ. ಹಾಡುವವನ ದನಿ ಆ ಸದ್ದಿನ ಮೇಲೆ ತೇಲುವುದಿಲ್ಲ, ಅದರ ಒಳಗೆಲ್ಲೋ ಸಿಕ್ಕಿಕೊಂಡಂತೆ ಬರುತ್ತದೆ. ಮಾತು ಅರ್ಧಂಬರ್ಧ ಕೇಳುತ್ತದೆ. ನಮ್ಮೂರು ಚಡಚಣದ ಮಾಳಿಗೆಯ ಮೇಲೆ ಬೇಸಗೆಯ ರಾತ್ರಿ ಹಾಸಿಗೆ ಹಾಸಿಕೊಂಡು ಅದನ್ನು ಕೇಳುತ್ತ ನನ್ನ ಕಣ್ಣು ಒದ್ದೆಯಾದದ್ದು ಯಾಕೆ? ಮಾತು ತಿಳಿದಿರಲಿಲ್ಲ, ಹಾಡಿನ ಊರು ನನ್ನದಲ್ಲ, ಹಾಡಿದವನ ದುಃಖ ನನಗೆ ಸಂಬಂಧಿಸಿದ್ದಲ್ಲ.

ಈ ಭಾರದ ಮೂಲ ಹುಡುಕಿಕೊಂಡು ಹೋದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ತಗಡು ಕಾರ್ಖಾನೆಯೊಂದು ಸಿಗುತ್ತದೆ. ಅಲ್ಲಿ ಕೆಲಸಕ್ಕಿದ್ದ 17ರ ಹುಡುಗ ಟೋನಿ ಅಯೋಮಿ. ಕೆಲಸ ಬಿಟ್ಟು ಹೊರಡುವ ಕೊನೆಯ ದಿನ ಅವನ ಬಲಗೈಯ ಎರಡು ಬೆರಳ ತುದಿಗಳು ಯಂತ್ರಕ್ಕೆ ಹೋದವು. ಎಡಗೈಯಲ್ಲಿ ಮೀಟುವವನಾದ್ದರಿಂದ ತಂತಿ ಒತ್ತುವ ಕೈ ಅದೇ ಆಗಿತ್ತು. ಅವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳುವಾದ ತಂತಿ ಹಾಕಿಕೊಂಡ, ಮುಂದೆ ಆ ತಂತಿಗಳನ್ನೂ ಸಡಿಲ ಬಿಟ್ಟ. 1970ರ ಫೆಬ್ರುವರಿಯಲ್ಲಿ ಅವನ ತಂಡ ಬ್ಲ್ಯಾಕ್ ಸಬ್ಬತ್ ಮೊದಲ ಆಲ್ಬಮ್ ತಂದಿತು. 1971ರ ಮೂರನೆಯ ಆಲ್ಬಮ್ಮಿನ ಹೊತ್ತಿಗೆ ಹಲವು ಹಾಡುಗಳಲ್ಲಿ ಗಿಟಾರಿನ ಶ್ರುತಿ ಮೂರು ಅರ್ಧಸ್ವರ ಕೆಳಗಿಳಿದಿತ್ತು. ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುವ ಕಡೆ ಈಗ 69. ಬೇಸ್ ಗಿಟಾರಿನದು ಅದರ ಅರ್ಧ. ಮನುಷ್ಯನ ಕಿವಿಯ ಕೆಳಗಡಿಯೇ 20 ಆಗಿರುವಾಗ, ಅಷ್ಟು ಕೆಳಗಿನ ಸದ್ದನ್ನು ಜೋರಾಗಿ ನುಡಿಸಿದರೆ ಕಿವಿಯೊಂದೇ ಕೇಳುವುದಿಲ್ಲ. ಎದೆಗೂಡು ಕೇಳುತ್ತದೆ, ಹೊಟ್ಟೆ ಕೇಳುತ್ತದೆ, ಕೂತ ಜಾಗ ಕೇಳುತ್ತದೆ. ನೋಯುವ ಬೆರಳಿಗೆ ತಂತಿ ಹಗುರಾಗಲಿ ಎಂದು ಮಾಡಿದ್ದು ಕೇಳುವವರ ಮೇಲೆ ಭಾರವಾಗಿ ಕೂತಿತು.

ಯಾಬ್‌ನ ಗಾಯಕ ಮೈಕ್ ಶೈಟ್ ಕೂಡ ಮೈ ಬೇನೆಯವನೇ. 2017ರ ಆರಂಭದಲ್ಲಿ ಕರುಳಿನ ಕಾಯಿಲೆಯಿಂದ ಸಾಯುವಂತಾಗಿ, ಶಸ್ತ್ರಚಿಕಿತ್ಸೆಯಾಗಿ, ಮರುವರ್ಷ ಹೊಸ ಆಲ್ಬಮ್ ತಂದ. ಅದರಲ್ಲಿ 16 ನಿಮಿಷ ದಾಟುವ ಹಾಡೊಂದಿದೆ. ಬದುಕಿ ಬಂದವನ ಹಾಡು ಚುರುಕಾಗಿರುತ್ತದೆ ಎಂದುಕೊಂಡರೆ ಅದು ಇನ್ನೂ ನಿಧಾನ.

ಉದ್ದದ ಮಾತು ಬಂದಿತಲ್ಲ. ಕ್ಯಾಲಿಫೋರ್ನಿಯಾದ ‘ಸ್ಲೀಪ್’ ಎಂಬ ತಂಡ 1990ರ ದಶಕದಲ್ಲಿ 63 ನಿಮಿಷದ ಒಂದೇ ಹಾಡು ಮಾಡಿ ಕಂಪನಿಯ ಕೈಗಿಟ್ಟಿತು. ಕಂಪನಿ ಒಲ್ಲೆ ಅಂದಿತು, ಅದೇ ಬೇಜಾರಿನಲ್ಲಿ ತಂಡ ಒಡೆಯಿತು. ‘ಡೋಪ್‌ಸ್ಮೋಕರ್’ ಎಂಬ ಹೆಸರಿನಲ್ಲಿ ಅದು ಪೂರ್ತಿಯಾಗಿ ಬಂದದ್ದು 2003ರಲ್ಲಿ. ನಮ್ಮ ಕಡೆಯ ಡೊಳ್ಳಿನ ಪದದವರಿಗೆ ಈ ಕಥೆ ಹೇಳಿದರೆ ನಕ್ಕಾರು. 63 ನಿಮಿಷಕ್ಕೆ ಅವರದಿನ್ನೂ ದೇವರ ಸ್ತುತಿಯೇ ನಡೆದಿರುತ್ತದೆ. ಎರಡು ಮೇಳ ಎದುರುಬದುರು ನಿಂತು ಸವಾಲು ಹಾಕಿ, ಜವಾಬು ಪಡೆದು, ಬೆಳಗು ಹರಿಯುವವರೆಗೆ ಹಾಡುವ ಮಂದಿ. ಒಬ್ಬ ಕಿವಿಗೆ ಕೈ ಹಚ್ಚಿ ಪದ ಎತ್ತುತ್ತಾನೆ, ಉಳಿದವರು ಅದನ್ನು ಹಿಡಿದು ಎಳೆಯುತ್ತಾರೆ, ಡೊಳ್ಳು ಅದರಡಿಯಲ್ಲಿ ಒಂದೇ ನಡೆಯಲ್ಲಿ ಹೊರಳುತ್ತಿರುತ್ತದೆ. ಮಧ್ಯರಾತ್ರಿ ದಾಟಿದ ಮೇಲೆ ಪದದ ಕಥೆ ಯಾರಿಗೆ ಬೇಕು? ಕೂತವರಿಗೆ ಆ ಹೊರಳಾಟವೇ ಸಾಕಾಗಿರುತ್ತದೆ.

ಚಡಚಣದಿಂದ ಗಡಿ ದಾಟಿದರೆ ಮಂಗಳವೇಢೆ ತಾಲೂಕಿನ ಹುಲಜಂತಿ. ಜಿಲ್ಲೆ ಸೊಲ್ಲಾಪುರ, ರಾಜ್ಯ ಮಹಾರಾಷ್ಟ್ರ, ಮನೆಯ ಮಾತು ಕನ್ನಡ. ದೀಪಾವಳಿಗೆ ಅಲ್ಲಿ ಮಾಳಿಂಗರಾಯನ ಜಾತ್ರೆ. ಗುರು ಹುನ್ನೂರಿನ ಬೀರಪ್ಪ, ಶಿಷ್ಯ ಹುಲಜಂತಿಯ ಮಾಳಿಂಗರಾಯ. ಇಬ್ಬರ ಪಲ್ಲಕ್ಕಿಗಳು ಭೇಟಿಯಾಗುವ ಹೊತ್ತಿಗೆ ಜನ ಭಂಡಾರ, ಕುರಿಯ ಉಣ್ಣೆ, ಉತ್ತತ್ತಿ, ಕೊಬ್ಬರಿ ತೂರುತ್ತಾರೆ. ಆಕಾಶ, ನೆಲ, ಮೀಸೆ, ಹುಬ್ಬು ಎಲ್ಲ ಹಳದಿ. ಡೊಳ್ಳುಗಳು ಎಷ್ಟೆಂದು ಎಣಿಸಲು ಬರುವುದಿಲ್ಲ, ಎಲ್ಲ ಕೂಡಿ ಒಂದೇ ಮುದ್ದೆ ಸದ್ದಾಗಿರುತ್ತದೆ. ಕುರಿ ಹಿಂಡಿನ ಹಿಂದೆ ಬಿಸಿಲಲ್ಲಿ ನಡೆದು ಕರ್ರಗಾದ, ಮನೆಯಲ್ಲಿ ಹೆಣ ಬಿದ್ದರೂ ಹಲ್ಲು ಕಚ್ಚಿ ನಿಲ್ಲುವಂಥ ಗಂಡಸರು ಅಲ್ಲಿ ಮಕ್ಕಳ ಹಾಗೆ ಅಳುತ್ತಾರೆ. ಗುರು ಶಿಷ್ಯರು ಕೂಡಿದ್ದಕ್ಕೆ ಅಳು ಎನ್ನಬಹುದು, ನಿಜ. ಆದರೆ ಅದೇ ಕಥೆಯನ್ನು ಕಟ್ಟೆಯ ಮೇಲೆ ಕೂತು ಹೇಳಿದರೆ ಯಾರೂ ಅಳುವುದಿಲ್ಲ. ಡೊಳ್ಳು ಬೇಕು. ಆ ಸದ್ದಿನಲ್ಲಿ ಪಕ್ಕದವನಿಗೆ ನನ್ನ ಬಿಕ್ಕು ಕೇಳಿಸುವುದಿಲ್ಲ ಎಂಬ ಧೈರ್ಯ ಬೇಕು.

ಈ ಧೈರ್ಯದ ಮಾತನ್ನು ನನಗೆ ಬಿಡಿಸಿ ಹೇಳಿದ್ದು ನಮ್ಮ ಆಯಿ. ಅವಳ ಮೊಮ್ಮಗ, ಎಂಜಿನಿಯರಿಂಗ್ ಓದುವವನು, ರಜೆಗೆ ಬಂದಾಗ ಸ್ಪೀಕರಿಗೆ ಹಾಕಿ ಯಾವುದೋ ಕಿರಿಚುವ ಹಾಡು ಹಚ್ಚಿದ್ದ. ಆಯಿ ಒಳಗಿನಿಂದಲೇ ಅಂದಳು: “ಕಾಳ ಹಾಕದ ಬೀಸಿದಂಗ ಆಗಾಕತ್ತದಲ್ಲೋ ತಮ್ಮಾ.” ಅವನು ನಕ್ಕು ಅದನ್ನು ತೆಗೆದು ಯಾಬ್ ಹಚ್ಚಿದ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಾಂ, ಈಗ ಕಾಳ ಬಿತ್ತು ನೋಡು” ಅಂದಳು. ಸಂಗೀತ ವಿಮರ್ಶೆ ಬರೆಯುವವರು ಪುಟಗಟ್ಟಲೆ ಹೆಣಗುವುದನ್ನು ಎರಡು ಮಾತಲ್ಲಿ ಮುಗಿಸಿದ್ದಳು.

ಬೀಸುವ ಕಲ್ಲಿನ ಮುಂದೆ ಕೂತು ನೋಡಿದರೆ ಅವಳು ಹೇಳಿದ್ದು ಅಕ್ಷರಶಃ ನಿಜ. ಕೆಳಗಿನ ಕಲ್ಲು ಅಲುಗದು. ಮೇಲಿನ ಕಲ್ಲಿಗೆ ನಡುವೆ ಬಾಯಿ, ಅಂಚಿಗೆ ಗೂಟ. ಬಾಯಿಗೆ ಒಂದು ಹಿಡಿ ಬಿಳಿಜೋಳ ಬಿದ್ದಾಗ ಮೊದಲು ಕಟಕಟ ಒರಟು ಸದ್ದು. ಕಾಳು ನುರಿದಂತೆ ಅದು ಮೆತ್ತಗಾಗಿ, ತುಂಬಿಕೊಂಡು, ನೆಲದಿಂದಲೇ ಏಳುವ ಗುಂಯ್‌ಗುಟ್ಟುವಿಕೆಯಾಗುತ್ತದೆ; ಕೂತವರ ತೊಡೆಗೆ ಅದು ತಾಗುತ್ತದೆ. ಕಾಳು ತೀರುತ್ತ ಬಂದರೆ ಕಲ್ಲಿಗೆ ಕಲ್ಲು ಉಜ್ಜಿ ಕಿರ್ರೆನ್ನುತ್ತದೆ, ಅಷ್ಟರಲ್ಲಿ ಮುಂದಿನ ಹಿಡಿ ಬೀಳುತ್ತದೆ. ಈ ಮೂರು ದನಿಗಳ ಸುತ್ತಿನ ಮೇಲೆ ತ್ರಿಪದಿ ಏಳುತ್ತದೆ. ಕೋಳಿ ಕೂಗುವ ಮುಂಚೆ ಎದುರುಬದುರು ಕೂತ ಇಬ್ಬರು ಹೆಣ್ಣುಮಕ್ಕಳು, ಒಂದೇ ಗೂಟಕ್ಕೆ ಇಬ್ಬರ ಕೈ. ಹಾಡಿನ ತುಂಬ ತವರು, ಅಣ್ಣ, ಕರೆಯಲು ಬಾರದ ತಾಯಿ, ಕೈತಪ್ಪಿ ಹೋದ ಕೂಸು.

“ಕಲ್ಲ ತಿರಗುಮುಂದ ಅತ್ರ ಯಾರಿಗೂ ತಿಳೀತಿರ್ಲಿಲ್ಲ,” ಅಂದಳು ಆಯಿ. “ಅತ್ತಿ ಒಳಗ ಮಲಗಿರ್ತಿದ್ಲು. ಬೀಸಾಕತ್ತಾಳ ಅಂತ ತಿಳ್ಕೊಂತಿದ್ಲು.”

ನನ್ನ ಬೆರಗೆಲ್ಲ ಈ ಒಂದು ಮಾತಿನಲ್ಲಿ ಸಿಕ್ಕಿಕೊಂಡಿದೆ. ಭಾರದ ಸದ್ದು ದುಃಖವನ್ನು ಸಾರುವುದಕ್ಕೆ ಇರುವುದಲ್ಲ, ಮರೆ ಮಾಡುವುದಕ್ಕೆ. ಮರೆ ಸಿಕ್ಕಿದ ಮೇಲಷ್ಟೇ ಅದು ಪೂರ್ತಿ ಹೊರಗೆ ಬರುತ್ತದೆ. ಕೊಳಲಿನ ಮುಂದೆ ಅಳುವವನನ್ನು ಎಲ್ಲರೂ ನೋಡುತ್ತಾರೆ. ಗಿಟಾರು, ಡೊಳ್ಳು, ಬೀಸುವ ಕಲ್ಲು, ಇವುಗಳ ಒಳಗೆ ಕೂತು ಅಳುವವನು ಜನರ ನಡುವೆಯೂ ಒಬ್ಬನೇ ಇರುತ್ತಾನೆ. ಯೂಜೀನಿನ ಆ ಗಾಯಕ ತನ್ನ ದನಿಯನ್ನು ಸದ್ದಿನೊಳಗೆ ಯಾಕೆ ಹೂತಿಡುತ್ತಾನೆ ಎಂಬುದು ನನಗೆ ಅರ್ಥವಾದದ್ದು ಜೋಳದ ಹಿಟ್ಟಿನ ದಾರಿಯಿಂದ.

ನಮ್ಮ ಪಕ್ಕದ ಹಲಸಂಗಿಯಲ್ಲಿ ಮಧುರಚೆನ್ನರೂ ಗೆಳೆಯರೂ ಈ ಬೀಸುವ ಕಲ್ಲಿನ ಹಾಡುಗಳನ್ನು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡರು. ಚಡಚಣದಲ್ಲೇ 1905ರಲ್ಲಿ ಹುಟ್ಟಿದ ಸಿಂಪಿ ಲಿಂಗಣ್ಣನವರು ಆ ಗುಂಪಿನವರೇ. 1931ರಲ್ಲಿ ‘ಗರತಿಯ ಹಾಡು’ ಬಂತು, ಮುಂದೆ ಲಾವಣಿಗಳ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’. ಅವರು ಬರೆದುಕೊಳ್ಳದಿದ್ದರೆ ಇವತ್ತು ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಆದರೂ ‘ಗರತಿಯ ಹಾಡು’ ತೆರೆದಾಗಲೆಲ್ಲ ನನಗೆ ಒಂದು ಕೊರತೆ ಕಾಡುತ್ತದೆ, ಅದರಲ್ಲಿ ಅವರ ತಪ್ಪೇನಿಲ್ಲ. ಅಚ್ಚಿನ ಮೊಳೆಗೆ ಮಾತು ಸಿಕ್ಕಿತು, ಕಲ್ಲು ಸಿಗಲಿಲ್ಲ. ಓದುವ ನಾವು ಆ ಮೂರು ಸಾಲುಗಳನ್ನು ಬೆಳಕಿನಲ್ಲಿ, ಮರೆಯಿಲ್ಲದೆ, ಸ್ಪಷ್ಟವಾಗಿ ಓದುತ್ತೇವೆ. ಹಾಡಿದವಳು ಅದನ್ನು ಯಾರಿಗೂ ಸ್ಪಷ್ಟವಾಗದಿರಲಿ ಎಂದೇ ಹಾಡಿದ್ದಳು.

ಈಗಿನ ಫ್ಯೂಷನ್ ತಂಡಗಳ ಬಗ್ಗೆ ನನ್ನ ತಕರಾರು ಇದೇ. ಜಾನಪದಕ್ಕೆ ಗಿಟಾರು ಕೂಡಿಸುವಾಗ ಅವರು ಎಲ್ಲವನ್ನೂ ತೊಳೆದು ಒರೆಸಿ ಇಡುತ್ತಾರೆ. ದನಿ ಮುಂದೆ, ವಾದ್ಯ ಹಿಂದೆ, ನಾಲ್ಕು ನಿಮಿಷಕ್ಕೆ ಮುಕ್ತಾಯ, ಚಪ್ಪಾಳೆ. ಬೆಂಗಳೂರಿನಲ್ಲಿ ‘ಬೇವರ್ ಸೀ’ ಎಂಬ ತಂಡವಿದೆ, ನಮ್ಮದೇ ಬೈಗುಳವನ್ನು ಇಂಗ್ಲಿಷ್ ವೇಷದಲ್ಲಿ ಹೆಸರಾಗಿ ಇಟ್ಟುಕೊಂಡವರು. 2012ರಲ್ಲಿ ಅವರ ಮೊದಲ ಆಲ್ಬಮ್ ಬಂತು. ಹಾಡುವುದು ಇಂಗ್ಲಿಷಿನಲ್ಲಿ, ಅವರ ಮನೆದೇವರು ಬ್ಲ್ಯಾಕ್ ಸಬ್ಬತ್. ತಮಾಷೆಯೆಂದರೆ ಜಾನಪದದ ಗೊಡವೆಗೇ ಹೋಗದ ಆ ಒರಟು, ನಿಧಾನದ ಗಿಟಾರು ನನ್ನ ಕಿವಿಗೆ ಬೀಸುವ ಕಲ್ಲಿಗೆ ಹೆಚ್ಚು ಹತ್ತಿರ. ಅಂಥ ಒಂದು ತಂಡ ತ್ರಿಪದಿಯೊಂದನ್ನು ಎತ್ತಿಕೊಂಡು, ಇಪ್ಪತ್ತು ನಿಮಿಷ ಎಳೆದು, ಹಾಡುವವಳ ದನಿಯನ್ನು ತಳಕ್ಕೆ ಒತ್ತಿ ನುಡಿಸಿದರೆ ಹೇಗಿರುತ್ತದೆ ಎಂದು ಬಸ್ಸಿನಲ್ಲಿ ಇಂಡಿ ದಾಟುವಾಗ ಸುಮ್ಮನೆ ಊಹಿಸಿಕೊಳ್ಳುತ್ತೇನೆ.

ಮೊಮ್ಮಗನಿಗೂ ಅದೇ ಹುಚ್ಚು ಹತ್ತಿದೆ. ಮೈಕು ತಂದು ಕಲ್ಲಿನ ಬುಡಕ್ಕಿಟ್ಟು ಆಯಿಯ ಹಾಡು ರೆಕಾರ್ಡ್ ಮಾಡುತ್ತೇನೆ ಎಂದು ಕೂತಿದ್ದಾನೆ. ಆಯಿಗೆ ಹಾಡಲು ಅಡ್ಡಿಯಿಲ್ಲ, ನಾಚಿಕೆಯೂ ಇಲ್ಲ. ಅವಳದು ಬೇರೆಯೇ ಷರತ್ತು. ಗಿರಣಿ ಬಂದ ಮೇಲೆ ಮೂಲೆ ಸೇರಿದ ಕಲ್ಲು ಸವೆದು ನುಣ್ಣಗಾಗಿದೆ, ಅದಕ್ಕೆ ಉಳಿಯಿಂದ ಹೊಸ ಕಚ್ಚು ಹೊಡೆಸಬೇಕು. ಇಲ್ಲದಿದ್ದರೆ ಹಿಟ್ಟೂ ಬರದು, ಸದ್ದೂ ಬರದು ಅನ್ನುತ್ತಾಳೆ. ಕಲ್ಲು ಹೊಡೆಯುವವರು ಮೊದಲು ಓಣಿ ಓಣಿ ಕೂಗುತ್ತ ತಾವೇ ಬರುತ್ತಿದ್ದರು. ಈಗ ಹುಡುಗ ಅವರನ್ನು ಹುಡುಕಿಕೊಂಡು ಬಜಾರದ ದಿನ ಊರೆಲ್ಲ ಕೇಳುತ್ತ ತಿರುಗುತ್ತಿದ್ದಾನೆ. ಝಳಕಿ ಕಡೆ ಒಬ್ಬರಿದ್ದಾರೆ ಎಂದು ಯಾರೋ ಹೇಳಿದ್ದಾರೆ.